ಮೊಳೆಯ ಮೇಲಿನ ಸರಪಳಿ

ಓಕ್‌ಬುನ್‌ಳ ಅಡುಗೆಮನೆಯ ಬಾಗಿಲ ಪಕ್ಕ ಒಂದು ದಪ್ಪ ಮೊಳೆ ಇತ್ತು. ಬೇರೆಯವರ ಮನೆಯಲ್ಲಾದರೆ ಅಂಥ ಜಾಗದಲ್ಲಿ ಜರಡಿಯೋ ಬೆಳ್ಳುಳ್ಳಿ ಗೊಂಚಲೋ ತೂಗುತ್ತದೆ. ಇವಳ ಮನೆಯಲ್ಲಿ ತೂಗುತ್ತಿದ್ದದ್ದು ಲಾರಿಯ ಚಕ್ರಕ್ಕೆ ಕಟ್ಟುವ ಕಬ್ಬಿಣದ ಸರಪಳಿ. ಹಿಮದ ಕಾಲ ಕಾಲಿಡುವ ಮುಂಚೆಯೇ ಅದು ಬೆಳಗ್ಗೆ ಮೊಳೆಯಿಂದಿಳಿದು ಅವಳ ಪುಟ್ಟ ಲಾರಿ ಹತ್ತುತ್ತಿತ್ತು. ಸಂಜೆ ಒಲೆಯ ಬಿಸಿಗೆ ಒಣಗಲು ಮತ್ತೆ ಮೊಳೆಗೆ ಬರುತ್ತಿತ್ತು. ಹೊರಡುವ ಮುಂಚೆ ಅದರ ಕೊಂಡಿಗಳಿಗೆ ಎಣ್ಣೆ ಸವರುವುದನ್ನು ಅವಳು ತಪ್ಪಿಸಿದ್ದೇ ಇಲ್ಲ. ಬೆಟ್ಟದಲ್ಲಿ ಹೂ ಬಿಟ್ಟು ಊರಿನವರೆಲ್ಲ ದಪ್ಪ ಅಂಗಿ ಕಳಚಿದ ಮೇಲೂ ಇವಳ ಸರಪಳಿಯ ತಿರುಗಾಟ ನಿಲ್ಲುತ್ತಿರಲಿಲ್ಲ.

ಹೀಗಾಗಿ ಯೊಂಗ್ದೆ ಊರಿನಲ್ಲಿ ಅವಳಿಗೆ ಸರಪಳಿಯಕ್ಕ ಎಂದೇ ಹೆಸರು. ಎದುರುಮನೆಯ ಪ್ಯೊ ಕೂಡ ಅವಳ ಹಾಗೆ ಚಳಿಗಾಲದಲ್ಲಿ ಮೀನು ಒಣಗಿಸುವವನು. ಅವನ ಬಾಯಿಗಂತೂ ಬೀಗವೇ ಇಲ್ಲ.

“ಏನಕ್ಕಾ, ಇಷ್ಟು ಚೆನ್ನಾಗಿ ಬಿಸಿಲು ಬಿದ್ದಿದೆ. ಲಾರಿ ಓಡ್ಹೋಗ್ಬಿಡತ್ತೆ ಅಂತ ಕಟ್ಟಿ ಹಾಕ್ತೀಯಾ?”

“ನಿನ್ನ ಹೆಂಡ್ತಿ ಕೇಳ್ತಿದ್ಲು, ಇನ್ನೊಂದು ಜೊತೆ ಇದೆಯಾ ಅಂತ. ನಿನ್ನ ಕಾಲಿಗಂತೆ,” ಎಂದು ಇವಳೂ ಬಿಡುತ್ತಿರಲಿಲ್ಲ.

ನಕ್ಕರೂ ಅವಳಿಗೆ ಭಯವಿತ್ತು. ಅದನ್ನು ಮುಚ್ಚಿಡುವವಳೂ ಅವಳಲ್ಲ. ಈಗ ಊರಿಗೂ ಕಡಲಿಗೂ ನಡುವಿನ ಬೆಟ್ಟಸಾಲಿನ ಹೊಟ್ಟೆಯಲ್ಲಿ ಸುರಂಗ ಕೊರೆದಿದ್ದಾರೆ, ಒಂದು ಹಾಡು ಮುಗಿಯುವುದರೊಳಗೆ ಆಚೆ ಬದಿ ಸೇರಬಹುದು. ಆಗ ಕಡಲ ಕಡೆಗೆ ಹೋಗಬೇಕೆಂದರೆ ಜಿನ್ಬು ಘಾಟಿ ಹತ್ತಿಯೇ ಇಳಿಯಬೇಕಿತ್ತು. ಗಂಡ ಇದ್ದ ಕಾಲದಲ್ಲಿ ಒಮ್ಮೆ ಗೊಜಿನ್ ಬಂದರಿನಿಂದ ಮೀನು ತುಂಬಿಕೊಂಡು ಇಬ್ಬರೂ ಘಾಟಿ ಹತ್ತುತ್ತಿದ್ದರು. ಈ ಚೂರು ಹಿಮಕ್ಕೆಲ್ಲ ಯಾರು ಸರಪಳಿ ಕಟ್ಟುತ್ತಾರೆ ಎಂದು ಅವನು ಬೆಟ್ಟದ ಜನರ ಜಂಬ ಮಾಡಿದ. ಅರ್ಧ ಏರಿನಲ್ಲಿ ಲಾರಿ ನಿಂತಿತು. ಅವನು ಬ್ರೇಕ್ ಒತ್ತಿ ಹಿಡಿದಿದ್ದ, ಚಕ್ರಗಳು ತಿರುಗುತ್ತಿರಲಿಲ್ಲ, ಆದರೂ ಲಾರಿ ಹಿಂದಕ್ಕೆ ಹೋಗತೊಡಗಿತು. ಸದ್ದೇ ಇಲ್ಲ. ಅವಳಿಗೆ ಇವತ್ತಿಗೂ ಮೈ ನಡುಗಿಸುವುದು ಆ ಸದ್ದಿಲ್ಲದಿರುವುದೇ. ರಸ್ತೆಯಂಚಿನ ಒಂದು ಪೈನ್ ಮರ ಹಿಂದಿನಿಂದ ತಡೆಯದೇ ಹೋಗಿದ್ದರೆ ಮೀನಿನ ಜೊತೆ ಇವರನ್ನೂ ಕಮರಿಯಿಂದ ಹೆಕ್ಕಿ ತರಬೇಕಾಗುತ್ತಿತ್ತು. ಗಂಡ ಆ ಕತೆಯನ್ನು ಕುಡಿದಾಗಲೆಲ್ಲ ನಗುನಗುತ್ತಾ ಹೇಳುತ್ತಿದ್ದ. ಅವಳು ಒಂದು ಸಲವೂ ನಗಲಿಲ್ಲ. ಅವನು ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಮೀನು ತರುವವರು ಬೇರೆ ಯಾರೂ ಇರಲಿಲ್ಲವಾಗಿ, ಆ ಭಯವನ್ನು ಹೊತ್ತುಕೊಂಡೇ ಅವಳು ಲಾರಿ ಓಡಿಸಲು ಕಲಿತಳು. ಸರಪಳಿ ಮೊಳೆಗೆ ಬಂದದ್ದು ಆಗಲೇ.

ಚಳಿಗಾಲದ ಕೊನೆಯ ಒಂದು ದಿನ ಬೆಳಗ್ಗೆ ಅಳಿಯನ ಫೋನು ಬಂತು. ಅವನು ಘಾಟಿಯಾಚೆ ಕಡಲ ದಂಡೆಯ ಸೊಕ್ಚೊದಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುವವನು. ಗಟ್ಟಿ ಮನುಷ್ಯನೇ, ಆದರೆ ಅವತ್ತು ಧ್ವನಿ ಸಣ್ಣಗಾಗಿತ್ತು.

“ಅತ್ತೆ, ಯೊಂಜುಗೆ ಹೆರಿಗೆ ನೋವು ಶುರುವಾಗಿದೆ. ಆಸ್ಪತ್ರೆಗೆ ಸೇರಿಸಿದೀನಿ. ಅಮ್ಮ ಬೇಕು ಅಮ್ಮ ಬೇಕು ಅಂತ ಒಂದೇ ಸಮ ಹೇಳ್ತಾ ಇದಾಳೆ.”

“ಹೊರಟೆ ಅನ್ನು. ಆಗ್ಲೇ ಲಾರಿ ಹತ್ತಿದಾಳೆ ಅನ್ನು,” ಎಂದಳು ಓಕ್‌ಬುನ್, ಇನ್ನೂ ಕಾಲುಚೀಲವನ್ನೂ ಹಾಕದೆ.

ಒಳಕೋಣೆಯಲ್ಲಿ ಅವಳ ಅತ್ತೆ ಆಗಲೇ ಎದ್ದು ನಿಂತಿದ್ದಳು. ಬೆನ್ನು ಬಾಗಿದ, ಕಿವಿ ಮಾತ್ರ ಚುರುಕಾದ ಮುದುಕಿ. ತವರು ಕಡಲ ದಂಡೆಯ ಗೊಜಿನ್ ಆದ್ದರಿಂದ ಊರಿಗೆಲ್ಲ ಆಕೆ ಗೊಜಿನಮ್ಮ. ಆಕೆಯ ಕೋಣೆಯ ಗೋಡೆಗೆ ಬಾಣಂತಿಯ ಕಡಲಸೊಪ್ಪು ತೂಗುತ್ತಿತ್ತು, ಆಳುದ್ದದ ಒಣಗಿದ ಕಪ್ಪು ಎಳೆಗಳ ಕಟ್ಟು. ಶರತ್ಕಾಲದಲ್ಲಿ ಆಕೆಯೇ ಗೊಜಿನ್ ಸಂತೆಗೆ ಹೋಗಿ ಆರಿಸಿ ತಂದದ್ದು. ಬಾಣಂತಿಗೆ ಕುದಿಸುವ ಸೊಪ್ಪಿಗೆ ಚೌಕಾಸಿ ಮಾಡಬಾರದು, ಅದನ್ನು ಮಡಚಬಾರದು, ಮುರಿಯಬಾರದು. ಮಕ್ಕಳನ್ನು ಕೊಡುವ ದೇವತೆ ಸಮ್‌ಸಿನ್ ಅಜ್ಜಿಯ ಹೆಸರಲ್ಲಿ ಅದರ ಕೆಳಗೊಂದು ಬಟ್ಟಲು ಅಕ್ಕಿ, ಒಂದು ಬಟ್ಟಲು ನೀರು. ಕಡಲಿನಿಂದ ಘಾಟಿ ಹತ್ತಿ ಬಂದ ಸೊಪ್ಪು ಚಳಿಗಾಲವಿಡೀ ಆ ಕೋಣೆಯಲ್ಲಿ ಪೂಜೆ ಮಾಡಿಸಿಕೊಂಡು, ಈಗ ಮತ್ತೆ ಘಾಟಿ ಇಳಿದು ಕಡಲಿಗೇ ಹೋಗಬೇಕಿತ್ತು.

ಓಕ್‌ಬುನ್ ಹಿಂದಿನ ಸಂಜೆ ನೇತುಹಾಕಿದ್ದ ಸರಪಳಿಗೆ ಕೈ ಹಾಕಿದಳು. ಎಣ್ಣೆಯ ಬಟ್ಟಲು ಹುಡುಕುತ್ತಿದ್ದಾಗ, ಸೊಸೆಯನ್ನು ಮೊಮ್ಮಗಳ ಹೆಸರು ಹಿಡಿದೇ ಕರೆಯುವ ಅತ್ತೆಯ ದನಿ ಹಿಂದಿನಿಂದ ಕೇಳಿತು.

“ಯೊಂಜು ಅಮ್ಮ, ಅದನ್ನ ಅಲ್ಲೇ ಬಿಡು.”

“ಯಾವ್ದು ಅತ್ತೆ?”

“ಆ ಕಬ್ಬಿಣ. ಬಾಣಂತಿ ಸೊಪ್ಪು ಹೋಗೋ ಗಾಡೀಲಿ ಸರಪಳಿ ಹೋಗ್ಕೂಡ್ದು. ಹೆರೋ ಮನೇಲಿ ಪೆಟ್ಟಿಗೆ ಬೀಗಾನೂ ತೆಗೆದಿಡ್ತಾರೆ. ನಮ್ಮೂರಲ್ಲಿ ದೋಣಿ ಹಗ್ಗಾನೂ ಸಡಿಲ ಬಿಡ್ತಿದ್ರು. ನೀನು ಕಟ್ಟೋ ಸಾಮಾನೇ ಹೊತ್ಕೊಂಡು ಹೋಗ್ತೀಯಾ?”

“ಘಾಟಿ ಅತ್ತೆ ಅದು. ಆಚೆ ಬದೀಲಿ ಹಿಮ ಇದ್ರೆ ನಾನು ಹೆಂಗಿಳೀಲಿ?”

“ಬಿಸಿಲು ಕಣ್ಣಿಗೆ ಕುಕ್ತಾ ಇದೆ. ಎಲ್ಲಿದೆ ಹಿಮ?” ಎಂದಳು ಮುದುಕಿ. ಆಮೇಲೆ ಸಣ್ಣ ದನಿಯಲ್ಲಿ, “ಆ ಮೊದಲನೇದನ್ನ ಮರೆತುಬಿಟ್ಯಾ?” ಎಂದಳು.

ಓಕ್‌ಬುನ್‌ಳ ಕೈ ಅಲ್ಲೇ ನಿಂತುಬಿಟ್ಟಿತು. ಯಾವ ತಾಯಿ ಮರೆಯುತ್ತಾಳೆ? ಯೊಂಜುಗಿಂತ ಮುಂಚೆ ಒಂದು ಗಂಡು ಹುಟ್ಟಿತ್ತು. ಆಗ ಗಂಡ ಸಂತೆಯಿಂದ ಬಾಣಂತಿ ಸೊಪ್ಪನ್ನು ಎರಡಾಗಿ ಮಡಚಿ, ಸೈಕಲ್ಲಿನ ಹಿಂದೆ ತಂತಿಯಿಂದ ಬಿಗಿದು ತಂದಿದ್ದ. ಅದನ್ನು ನೋಡಿ ಗೊಜಿನಮ್ಮ ಅಂಗಳದಲ್ಲೇ ಎದೆ ಬಡಿದುಕೊಂಡಿದ್ದಳು. ಮಗು ಬಂದದ್ದು ಕುತ್ತಿಗೆಗೆ ಹೊಕ್ಕುಳಬಳ್ಳಿ ಬಿಗಿದುಕೊಂಡು, ನೀಲಿಯಾಗಿ. ಅದು ಅಳಲೇ ಇಲ್ಲ. ತಂತಿಗೂ ಬಳ್ಳಿಗೂ ಏನು ಸಂಬಂಧ ಎಂದು ಓಕ್‌ಬುನ್ ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದಾಳೆ. ಸಂಬಂಧವಿಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಯೊಂಜು ಹೊಟ್ಟೆಯಲ್ಲಿದ್ದಾಗ ಮಾತ್ರ ಅವಳು ಒಂದು ಹಗ್ಗವನ್ನೂ ದಾಟಲಿಲ್ಲ.

ಅಷ್ಟರಲ್ಲಿ ಪ್ಯೊ ಬಾಗಿಲಿಗೆ ಬಂದ. “ಅಕ್ಕಾ, ಕಡಲಿಗೆ ಕಡಲಸೊಪ್ಪು ಹೊತ್ಕೊಂಡು ಹೊರಟ್ಯಂತೆ! ಹಾಗೇ ಎರಡು ಹಿಡಿ ಉಪ್ಪೂ ತಗೊಂಡ್ಹೋಗು, ಪಾಪ ಅಲ್ಲಿ ಸಪ್ಪೆ ಇರತ್ತೆ.” ಯಾರೂ ನಗಲಿಲ್ಲ. ಅವನು ಇಬ್ಬರ ಮುಖವನ್ನೂ ನೋಡಿ, ಕೆಮ್ಮಿ, “ದಾರಿ ಚೆನ್ನಾಗಿದೆಯಂತೆ, ಬೆಳಗ್ಗೆ ಬಸ್ಸಿನವನು ಹೇಳ್ದ,” ಎಂದ.

ಓಕ್‌ಬುನ್ ಅವನ ಹೆಗಲ ಮೇಲಿಂದ ಆಚೆ ನೋಡಿದಳು. ಹೊಳೆಯ ದಡದುದ್ದಕ್ಕೂ ಮರದ ಚಪ್ಪರಗಳಲ್ಲಿ ಮೀನುಗಳು ತೂಗುತ್ತಿದ್ದವು. ಅವುಗಳ ಬಾಲವೆಲ್ಲ ಪಶ್ಚಿಮಕ್ಕೆ ತಿರುಗಿತ್ತು. ಎಂದರೆ ಗಾಳಿ ಪೂರ್ವದ ಕಡಲ ಕಡೆಯದು. ಬೆಟ್ಟಸಾಲಿನ ನೆತ್ತಿಯ ಮೇಲೆ ಬೂದು ಮೋಡವೊಂದು ಕದಲದೆ ಕೂತಿತ್ತು. ಕಡಲ ಗಾಳಿ ಬೀಸಿದ ದಿನ ಈ ಬದಿಯಲ್ಲಿ ಬಿಸಿಲು, ಆ ಬದಿಯಲ್ಲಿ ಹಿಮ. ಊರಿನ ಎಳೆಮಗುವಿಗೂ ಅದು ಗೊತ್ತು. ಪ್ಯೊಗೂ ಗೊತ್ತು. ಧೈರ್ಯ ಹೇಳೋಣವೆಂದು ಸುಳ್ಳು ಹೇಳುತ್ತಿದ್ದ.

ಅವಳು ಸರಪಳಿಯನ್ನು ಮತ್ತೆ ಮೊಳೆಗೆ ಹಾಕಿದಳು, ಅತ್ತೆಗೆ ಕಾಣುವ ಹಾಗೆಯೇ. ಮುದುಕಿಯ ಮುಖ ಸಡಿಲವಾಯಿತು. ಇಬ್ಬರೂ ಸೇರಿ ಸೊಪ್ಪನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಲಾರಿಯ ಮುಂಭಾಗಕ್ಕೆ ತಂದರು. ಎಲ್ಲಿಟ್ಟರೂ ಉದ್ದ. ಕೊನೆಗೆ ಪಕ್ಕದ ಸೀಟಿನ ಕಾಲಡಿಯಿಂದ ಡ್ರೈವರಿನ ತಲೆಯ ಹಿಂದಿನವರೆಗೆ ಓರೆಯಾಗಿ ಮಲಗಿಸಿದರು. ಪ್ಯೊ ಲಾರಿ ಜಾರದಂತೆ ಹಿಂಬದಿಗೆ ಭಾರವಿರಲೆಂದು ಕಲ್ಲಿದ್ದಲ ಬೂದಿಯ ಚೀಲಗಳನ್ನು ಹಿಂದಕ್ಕೆ ಎತ್ತಿಹಾಕಿ, ಸುಮ್ಮನೆ ತನ್ನ ಮನೆಗೆ ಹೋದ.

“ನೀರು ಬದಲಾಯಿಸಿ ಬರ್ತೀನಿ, ತಡಿ,” ಎಂದು ಮುದುಕಿ ಸಮ್‌ಸಿನ್ ಅಜ್ಜಿಯ ಬಟ್ಟಲಿಗಾಗಿ ಒಳಗೆ ಹೋದಳು.

ಒಳಕೋಣೆಯಲ್ಲಿ ಅತ್ತೆ ಕೈಮುಗಿದು ಗೊಣಗುವುದು ಕೇಳುತ್ತಿತ್ತು. ಓಕ್‌ಬುನ್ ಮೊಳೆಯನ್ನು ನೋಡಿದಳು. ತೆಗೆದುಕೊಂಡು ಹೋದರೆ ಮಗುವಿಗೇನಾದರೂ ಆದೀತು. ಬಿಟ್ಟು ಹೋದರೆ ಮಗಳು ಕರೆಯುವಾಗ ತಾಯಿ ಕಮರಿಯಲ್ಲಿ ಬಿದ್ದಿದ್ದಾಳು. ಸರಪಳಿಯನ್ನು ಸದ್ದಾಗದಂತೆ ತನ್ನ ಹೊದಿಕೆಯಲ್ಲಿ ಸುತ್ತಿ, ಕಳ್ಳಿಯ ಹಾಗೆ ಬಗ್ಗಿ ಓಡಿ, ಬೂದಿ ಚೀಲದ ಅಡಿಯಲ್ಲಿ ತುರುಕಿದಳು. ಕೊಂಡಿಗೆ ಎಣ್ಣೆ ಹಾಕಲು ಹೊತ್ತೆಲ್ಲಿತ್ತು? ಮುದುಕಿ ಹೊರಬರುವಷ್ಟರಲ್ಲಿ ಅವಳು ಲಾರಿಯಲ್ಲಿ ಕೂತಾಗಿತ್ತು.

“ನಿಧಾನ ಕಣೆ,” ಎಂದಳು ಅತ್ತೆ.

“ಹೂಂ ಅತ್ತೆ,” ಎಂದಳು, ಮುಖ ನೋಡದೆ.

ಏರುದಾರಿ ಒಣಗಿತ್ತು. ಪ್ರತಿ ತಿರುವಿನಲ್ಲೂ ಸೊಪ್ಪಿನ ತುದಿ ಬಟ್ಟೆಯಿಂದ ಹೊರಬಂದು ಅವಳ ಕಿವಿಯನ್ನು ಸವರುತ್ತಿತ್ತು, ಕಡಲ ವಾಸನೆ ಮೂಗಿಗೆ ಬರುತ್ತಿತ್ತು. ಹಿಂದಿನಿಂದ ಕಬ್ಬಿಣ ಒಮ್ಮೊಮ್ಮೆ ಕಿಣಿ ಎನ್ನುತ್ತಿತ್ತು. ಅದು ಕೇಳಿದಾಗಲೆಲ್ಲ ಅವಳು ಸೊಪ್ಪಿಗೆ ಕೇಳಿಸದಿರಲಿ ಎಂಬಂತೆ ಕೆಮ್ಮುತ್ತಿದ್ದಳು.

ನೆತ್ತಿಗೆ ಬಂದಾಗ ಬಿಸಿಲು ಅಲ್ಲೇ ಕತ್ತರಿಸಿದಂತೆ ಮುಗಿಯಿತು. ಮುಂದೆ ರಸ್ತೆಯಿಲ್ಲ, ಬೆಟ್ಟವಿಲ್ಲ, ಬರೀ ಬಿಳಿ. ಹಿಮ ಅಡ್ಡಡ್ಡ ಹಾರುತ್ತಿತ್ತು. ರಸ್ತೆಯಂಚಿನ ಬಯಲಿನಲ್ಲಿ ಬಸ್ಸೊಂದು ನಿಂತು, ಅದರ ಡ್ರೈವರು ಮಂಡಿಯೂರಿ ಚಕ್ರಕ್ಕೆ ಸರಪಳಿ ಕಟ್ಟುತ್ತಿದ್ದ. ಓಕ್‌ಬುನ್ ಅದರ ಪಕ್ಕ ಲಾರಿ ನಿಲ್ಲಿಸಿ ಇಳಿದಳು. ಬೂದಿ ಚೀಲ ಸರಿಸಿ ಸರಪಳಿ ಎಳೆದಾಗ ಜೇಬಿನಲ್ಲಿ ಫೋನು ಅರಚಿತು. ಆ ಘಾಟಿಯಲ್ಲಿ ಫೋನು ಬದುಕುವುದು ನೆತ್ತಿಯ ಮೇಲೆ ಮಾತ್ರ.

“ಅತ್ತೆ, ಎಲ್ಲಿದೀರಾ?” ಅಳಿಯ. “ಮಗು ಕೆಳಗಿಳೀತಾನೇ ಇಲ್ವಂತೆ. ಕುತ್ತಿಗೆಗೆ ಬಳ್ಳಿ ಸುತ್ತಿರಬಹುದು ಅಂತಾರೆ. ಇನ್ನೊಂದು ಸ್ವಲ್ಪ ನೋಡಿ, ಆಗದಿದ್ರೆ ಹೊಟ್ಟೆ ಕೊಯ್ತಾರಂತೆ. ಅತ್ತೆ? ಅತ್ತೆ, ಕೇಳಿಸ್ತಾ ಇದೆಯಾ?”

ಅವಳ ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಸರಪಳಿ ಇತ್ತು. ಅವಳು ಸರಪಳಿಯನ್ನು ಕೈಬಿಟ್ಟಳು. ಅದು ಹಿಮದಲ್ಲಿ ಹೂತುಕೊಂಡಿತು.

“ಬಂದೆ,” ಎಂದಳು.

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಕಟ್ಟದೆ ಇಳಿದುಬಿಡಲೇ ಎಂದುಕೊಂಡಳು. ನಿಧಾನವಾಗಿ, ಒಂದನೇ ಗೇರಿನಲ್ಲಿ, ದೇವರ ಮೇಲೆ ಭಾರ ಹಾಕಿ. ಸರಪಳಿ ಇಲ್ಲೇ ಈ ಬಿಳಿಯಲ್ಲಿ ಹೂತುಹೋಗಲಿ. ಕಣ್ಣು ಮುಚ್ಚಿದರೆ ಆ ನೀಲಿ ಮುಖ ಬಂತು. ಕಣ್ಣು ತೆರೆದರೆ ಕೆಳಗೆ ರಸ್ತೆ ಇದ್ದಕಡೆ ಏನೂ ಕಾಣುತ್ತಿರಲಿಲ್ಲ, ಅದರಾಚೆ ಎಲ್ಲೋ ಅವಳ ಹುಡುಗಿ ಅಮ್ಮ ಎಂದು ಕೂಗುತ್ತಿದ್ದಳು.

“ಏನಮ್ಮಾ, ನಿಂತೇಬಿಟ್ರಿ? ಕೈ ಮರಗಟ್ಟಿತಾ? ಕೊಡಿ, ನಾನು ಹಾಕಿಕೊಡ್ತೀನಿ,” ಎಂದ ಬಸ್ಸಿನ ಡ್ರೈವರು.

“ಬೇಡಪ್ಪ. ಇದನ್ನ ನಾನೇ ಕಟ್ಬೇಕು.”

ಪಾಪ ಬಂದರೆ ತನ್ನ ಕೈಗೇ ಬರಲಿ ಎಂದು ಅವಳ ಲೆಕ್ಕ. ಹಿಮದಲ್ಲಿ ಮಂಡಿಯೂರಿ ಸರಪಳಿಯನ್ನು ಹಿಂದಿನ ಚಕ್ರದ ಮೇಲೆ ಹರಡಿದಳು. “ಸಮ್‌ಸಿನ್ ಅಜ್ಜಿ,” ಎಂದಳು, ಗಟ್ಟಿಯಾಗಿಯೇ, “ಇದು ಚಕ್ರಕ್ಕೆ. ಮಗೂಗಲ್ಲ. ನೀನು ವಯಸ್ಸಾದವಳು, ಕಣ್ಣು ಸರಿಯಾಗಿ ಬಿಟ್ಟು ನೋಡು. ಇದು ಚಕ್ರ. ರಬ್ಬರು. ಇಲ್ಲಿ ಕಟ್ತಾ ಇರೋಳು ನಾನು.” ಕೊಂಡಿ ಟಕ್ಕೆಂದು ಕೂತಿತು. ಇನ್ನೊಂದು ಚಕ್ರಕ್ಕೆ ಕಟ್ಟುವಾಗ ಅವಳು ಅಳುತ್ತಿದ್ದಳು.

ಇಳಿಜಾರು ಅವಳನ್ನು ಹಿಂಡಿಬಿಟ್ಟಿತು. ಒರೆಸುವ ಕಡ್ಡಿಗಳು ಗಾಜಿನ ಮೇಲೆ ಅಂಗೈಯಗಲ ಜಾಗ ಮಾಡುವಷ್ಟರಲ್ಲಿ ಹಿಮ ಮತ್ತೆ ಮುಚ್ಚುತ್ತಿತ್ತು. ಎರಡನೇ ತಿರುವಿನಲ್ಲಿ ಒಂದು ಕಾರು ಮೂತಿ ಮೇಲೆ ಮಾಡಿ ಚರಂಡಿಯಲ್ಲಿ ಬಿದ್ದಿತ್ತು. ಅದರವರು ಬಂಡೆಯ ಮರೆಯಲ್ಲಿ ನಿಂತು ಕೈ ಬೀಸಿ, ನಿಲ್ಲಬೇಡ, ನಿಲ್ಲಬೇಡ ಎಂದರು. ನಿಂತರೆ ಜಾರುತ್ತದೆ ಎಂದು ಅವಳಿಗೂ ಗೊತ್ತಿತ್ತು. ಆ ಹಳೆಯ ಪೈನ್ ಮರದ ತಿರುವು ಬಂದಾಗ ಲಾರಿಯ ಹಿಂಭಾಗ ಮೆಲ್ಲಗೆ ಹೊರಗೆ ಸರಿಯಿತು. ಮತ್ತೆ ಅದೇ, ಸದ್ದಿಲ್ಲದೆ. ಸೊಪ್ಪಿನ ತುದಿ ಕುತ್ತಿಗೆಗೆ ತಾಕಿತು. ಮರುಕ್ಷಣ ಸರಪಳಿ ಗರಗರ ಎಂದು ಹಿಮವನ್ನು ಕಚ್ಚಿ, ಮಂಜುಗಡ್ಡೆಯನ್ನು ಕಚ್ಚಿ, ಕೆಳಗಿನ ಡಾಂಬರನ್ನು ಕಚ್ಚಿ ಲಾರಿಯನ್ನು ಒಳಕ್ಕೆ ಎಳೆದುಕೊಂಡಿತು. ಆ ಗರಗರ ಸದ್ದಿಗೆ ಅವಳು ಕೈಮುಗಿಯುತ್ತಿದ್ದಳು, ಕೈ ಎರಡೂ ಸ್ಟಿಯರಿಂಗಿಗೆ ಅಂಟಿಕೊಂಡಿರದಿದ್ದರೆ.

ಘಾಟಿ ಇಳಿದು ಮೊದಲ ಹಳ್ಳಿ ಸೇರಿದಾಗ ಹಿಮ ಮಳೆಯಾಗಿತ್ತು, ರಸ್ತೆ ಕಪ್ಪಾಗಿ ಹೊಳೆಯುತ್ತಿತ್ತು. ಬರಿ ರಸ್ತೆಯಲ್ಲಿ ಸರಪಳಿ ಇದ್ದರೆ ಹರಿದುಹೋಗುತ್ತದೆ, ಬಿಚ್ಚಲೇಬೇಕು. ಮುಚ್ಚಿದ ಅಂಗಡಿಯೊಂದರ ಮುಂದೆ ನಿಲ್ಲಿಸಿ ಇಳಿಯುವಾಗ ಮತ್ತೆ ಫೋನು. ಈ ಸಲ ಮನೆಯಿಂದ.

“ಯೊಂಜು ಅಮ್ಮ.” ಅತ್ತೆಯ ಹಲ್ಲು ಕಟಕಟ ಎನ್ನುತ್ತಿತ್ತು. “ಇಳಿದ್ಯಾ?”

“ಇಳಿದೆ ಅತ್ತೆ.”

“ಮೊಳೆ ಖಾಲಿ ಇದೆ ಕಣೆ.”

ಓಕ್‌ಬುನ್ ಬೈಗುಳ ಬರಲಿ ಎಂದು ಕಾದಳು.

“ಬಯ್ಯಲ್ಲ. ನೀನೂ ನನ್ನ ಮಗಳೇ, ನೀನು ಕಮರಿಗೆ ಬಿದ್ರೆ ನಾನೇನು ಮಾಡ್ಲಿ? ಮೊಳೆ ನೋಡಿದ ತಕ್ಷಣ ಇಲ್ಲಿ ಎಲ್ಲಾ ಬಿಚ್ಚಿ ಇಟ್ಟಿದೀನಿ. ಬಾಗಿಲು, ಕಿಟಕಿ, ಬೀರು, ಅಕ್ಕಿ ಪೆಟ್ಟಿಗೆ, ಅಂಗಳದ ಜಾಡಿಗಳ ಮುಚ್ಚಳ, ನನ್ನ ಅಂಗಿ ದಾರ, ತಲೆಗಂಟು. ಪ್ಯೊ ಬಂದು ಹುಚ್ಚು ಹಿಡೀತಾ ಅಜ್ಜಿ ಅಂದ. ಅವನ ಬೂಟಿನ ದಾರಾನೂ ಬಿಚ್ಚಿಸಿ ಕಳಿಸ್ದೆ. ನೀನು ಅಲ್ಲಿ ಕಟ್ಟಿರೋದಕ್ಕೆ ಇಲ್ಲಿ ಬಿಚ್ಚಿದ್ದು ಸರಿಹೋಗ್ಬೇಕಲ್ಲ. ಅದೊಂದನ್ನ ಬೇಗ ತೆಗಿ, ಕಣೆ. ನೀನು ತೆಗೆಯೋ ತನಕ ನಾನು ಒಂದನ್ನೂ ಮುಚ್ಚಲ್ಲ.”

“ಅತ್ತೆ, ಆ ಚಳೀಲಿ ನೀವು ಸತ್ತೇ ಹೋಗ್ತೀರಾ! ಬಾಗಿಲು ಹಾಕಿ!”

“ನೀನು ಮೊದ್ಲು ತೆಗಿ,” ಎಂದು ಮುದುಕಿ ಫೋನಿಟ್ಟಳು.

ಓಕ್‌ಬುನ್ ಕೆಸರಿನಲ್ಲಿ ಕೂತು ಮೊದಲ ಚಕ್ರದ ಕೊಂಡಿ ಎಳೆದಳು. ಅದು ಬಿಚ್ಚಿಕೊಂಡಿತು. ಎರಡನೆಯದಕ್ಕೆ ಕೈ ಹಾಕಿದರೆ ಕೊಂಡಿಯ ಮೇಲೆ ಮಂಜುಗಡ್ಡೆ ಕಲ್ಲಿನಂತೆ ಕಟ್ಟಿತ್ತು. ಎಳೆದಳು, ಗುದ್ದಿದಳು. ಫ್ಲಾಸ್ಕಿನಲ್ಲಿದ್ದ ಬಿಸಿ ಬಾರ್ಲಿ ನೀರನ್ನೆಲ್ಲ ಸುರಿದಳು. ಗಡ್ಡೆ ಕರಗಿತು, ಕೊಂಡಿ ಕದಲಲಿಲ್ಲ. ಇಷ್ಟು ವರ್ಷ ಒಂದು ದಿನವೂ ಎಣ್ಣೆ ತಪ್ಪಿಸದವಳು ಇವತ್ತು ತಪ್ಪಿಸಿದ್ದಳು. ಉಗುರು ಸೀಳಿ ರಕ್ತ ಬಂತು. ಬಿಚ್ಚು, ಬಿಚ್ಚು ಎಂದು ಅವಳು ಕಬ್ಬಿಣಕ್ಕೆ ಹೇಳುತ್ತಿದ್ದಳು, ಕಣ್ಣ ಮುಂದೆ ಕೊಂಡಿಯಿರಲಿಲ್ಲ, ಒಂದು ಸಣ್ಣ ಕುತ್ತಿಗೆ ಇತ್ತು.

ಫೋನು ಬಡಿಯಿತು. ಅಳಿಯನ ಹೆಸರು. ಅವಳಿಗೆ ಎತ್ತುವ ಧೈರ್ಯವಿರಲಿಲ್ಲ. ಅದು ಬಡಿದು ನಿಂತಿತು, ಮತ್ತೆ ಬಡಿಯಿತು. ರಕ್ತದ ಬೆರಳಿನಿಂದ ಒತ್ತಿ ಕಿವಿಗಿಟ್ಟುಕೊಂಡಳು. ಮೊದಲು ಕೇಳಿದ್ದು ಅಳಿಯನ ದನಿಯಲ್ಲ. ಎಲ್ಲೋ ಹಿಂದೆ ಒಂದು ಎಳೆಯ, ಸಿಟ್ಟಿನ ಅಳು.

“ಹೆಣ್ಣು ಮಗು ಅತ್ತೆ! ಕೊಯ್ಯಲಿಲ್ಲ. ಬಳ್ಳಿ ಒಂದು ಸುತ್ತು ಸುತ್ಕೊಂಡಿತ್ತಂತೆ, ಡಾಕ್ಟರು ಹಾಗೇ ಜಾರಿಸಿ ತೆಗೆದುಬಿಟ್ರು. ಯೊಂಜು ಚೆನ್ನಾಗಿದಾಳೆ. ಅತ್ತೆ? ಯಾಕೆ ಮಾತಾಡ್ತಾ ಇಲ್ಲ?”

“ಅಳು ಕೇಳ್ತಾ ಇದೀನಿ. ನೀನು ಸ್ವಲ್ಪ ಬಾಯಿ ಮುಚ್ಕೊಂಡಿರು, ರಾಜ,” ಎಂದಳು ಓಕ್‌ಬುನ್. ಮಳೆಯಲ್ಲಿ ಚಕ್ರಕ್ಕೆ ಒರಗಿ ಕೂತು ಅದನ್ನು ಕೇಳುತ್ತಲೇ ಇದ್ದಳು.

ಆಮೇಲೆ ಮನೆಗೆ ಫೋನು ಮಾಡಿದಳು. ಮೊದಲ ಗಂಟೆಗೇ ಅತ್ತೆ ಎತ್ತಿದಳು.

“ಹೆಣ್ಣು, ಅತ್ತೆ. ಅಳ್ತಾ ಇದೆ. ಜೋರಾಗಿ ಅಳ್ತಾ ಇದೆ.”

ಆಚೆ ತೆರೆದ ಬಾಗಿಲಿನಿಂದ ಒಳನುಗ್ಗುವ ಗಾಳಿ ಕೇಳಿಸಿತು.

“ಸರಪಳಿ ತೆಗೆದ್ಯಾ?” ಎಂದಳು ಮುದುಕಿ.

ಓಕ್‌ಬುನ್ ಚಕ್ರವನ್ನು ನೋಡಿದಳು. ಕೊಂಡಿ ಹಾಗೇ ಬಿಗಿದುಕೊಂಡು ಕೂತಿತ್ತು.

“ತೆಗೆದೆ ಅತ್ತೆ. ತೆಗೆದ ಕೂಡ್ಲೇ ಹುಟ್ಟಿತು.”

“ಹಾಗಾದ್ರೆ,” ಎಂದಳು ಗೊಜಿನಮ್ಮ, ನಡುಗುವ ಸಣ್ಣ ದನಿಯಲ್ಲಿ, “ನಾನಿನ್ನು ಬಾಗಿಲು ಹಾಕ್ಕೊಳ್ಲಾ?”